ಸ್ನಾನ ಮಾಡಿಸಿದರೂ ನಾಯಿಮರಿಯ ಮುಖ ಯಾಕೆ ನಾರುತ್ತದೆ?

ಪ್ರಶ್ನೆ: ನಮ್ಮ ಮನೆಗೆ ಶಿಟ್ಜು ಮರಿ ತಂದಿದ್ದೇವೆ. ಈಗ ಮೂರೂವರೆ ತಿಂಗಳು. ಚೆನ್ನಾಗಿ ಆಡುತ್ತದೆ, ತಿನ್ನುತ್ತದೆ. ಮೈಯೆಲ್ಲ ಚೆನ್ನಾಗಿಯೇ ಇದೆ, ಮುಖದಿಂದ ಮಾತ್ರ ಒಂಥರಾ ಹುಳಿ ಹುಳಿ ನಾತ. ವಾರಕ್ಕೆ ಎರಡು ಸಲ ಬೇಬಿ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ. ಸ್ನಾನವಾದ ದಿನ ಪರವಾಗಿಲ್ಲ, ಮಾರನೇ ದಿನ ಮತ್ತೆ ಶುರು. ಮಕ್ಕಳು ಮರಿಯನ್ನು ಎತ್ತಿಕೊಂಡರೆ ಅತ್ತೆಯವರು ಬೈಯುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲು ವಾರಕ್ಕೆರಡು ಸಲದ ಸ್ನಾನ ನಿಲ್ಲಿಸಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸ್ನಾನದ ದಿನ ಸರಿ, ಮಾರನೇ ದಿನ ಮತ್ತೆ ನಾತ ಅಂದರೆ ಕೊಳೆ ಹೋಗುತ್ತಿದೆ, ತೇವ ಉಳಿಯುತ್ತಿದೆ. ಉದ್ದ ಕೂದಲಿನ ಪುಟ್ಟ ಮರಿಗಳಲ್ಲಿ ಮುಖ ವಾಸನೆ ಬರುವುದು ಹೆಚ್ಚಾಗಿ ಈ ತೇವದಿಂದಲೇ. ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಆರೋಗ್ಯವಾಗಿರುವ ನಾಯಿಯ ಚರ್ಮದ ಮೇಲೂ ಇರುತ್ತವೆ. ಚರ್ಮ ಒಣಗಿದ್ದರೆ ಅವುಗಳಿಂದ ತೊಂದರೆ ಇಲ್ಲ. ಸದಾ ಒದ್ದೆ ಇರುವ ಕೂದಲ ಬುಡ, ಚರ್ಮದ ಮಡಿಕೆ ಸಿಕ್ಕರೆ ಮಾತ್ರ ಮಿತಿಮೀರಿ ಬೆಳೆದು ಈ ಹುಳಿ ನಾತ ಎಬ್ಬಿಸುತ್ತವೆ.

ಇನ್ನು ಬೇಬಿ ಶಾಂಪೂ ವಿಷಯ. ಮನುಷ್ಯರ ಚರ್ಮ ಸ್ವಲ್ಪ ಆಮ್ಲೀಯ, ಆಮ್ಲೀಯತೆ ಅಳೆಯುವ ಪಿಎಚ್ ಸುಮಾರು 5.5 (7 ಅಂದರೆ ತಟಸ್ಥ). ನಾಯಿಯದು 7ರ ಆಸುಪಾಸು. ನಮ್ಮ ಚರ್ಮಕ್ಕಾಗಿ ಮಾಡಿದ ಶಾಂಪೂವನ್ನು ಮತ್ತೆ ಮತ್ತೆ ಹಾಕಿದರೆ ಮರಿಯ ಚರ್ಮ ಒಣಗಿ ತುರಿಕೆ ಶುರುವಾಗಬಹುದು. ತುರಿಸಿಕೊಂಡ ಜಾಗಕ್ಕೆ ಸೋಂಕು ಬೇಗ ಹತ್ತುತ್ತದೆ. ನಾಯಿಮರಿಗೆಂದೇ ಸಿಗುವ ಶಾಂಪೂ ತನ್ನಿ. ಮೂರು ವಾರಕ್ಕೊಮ್ಮೆ ಸ್ನಾನ ಸಾಕು. ಮುಖದ ಕೆಲಸ ಬೇರೆ, ಅದನ್ನು ದಿನಾ ಮಾಡಬೇಕು.

ಅದಕ್ಕೂ ಮುಂಚೆ ವಾಸನೆ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ಮುಖ ಅಂದರೆ ಒಂದೇ ಜಾಗ ಅಲ್ಲ ನೋಡಿ. ಮೀಸೆ-ಗಡ್ಡ, ಕಣ್ಣಿನ ಮೂಲೆ ಮತ್ತು ಮೂಗಿನ ಮೇಲಿನ ಮಡಿಕೆ, ಕಿವಿ, ಬಾಯಿ ಎಲ್ಲವೂ ಅಂಗೈಯಷ್ಟು ಜಾಗದಲ್ಲಿ ಒತ್ತಿಕೊಂಡಿರುತ್ತವೆ. ಬೆಳಗ್ಗೆ ಊಟಕ್ಕೆ ಮುಂಚೆ, ಕಿಟಕಿ ಬೆಳಕಿನಲ್ಲಿ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಉಂಡೆ ನಾಲ್ಕೈದು ಇಟ್ಟುಕೊಳ್ಳಿ. ಒಂದರಿಂದ ಗಡ್ಡ ಒರೆಸಿ, ಇನ್ನೊಂದರಿಂದ ಕಣ್ಣಿನ ಕೆಳಗೆ, ಮತ್ತೊಂದರಿಂದ ಕಿವಿಯ ಹೊರಭಾಗ. ಒಂದೊಂದನ್ನೂ ಬೇರೆ ಬೇರೆಯಾಗಿ ಮೂಸಿ ನೋಡಿ. ಬಾಯಿಯನ್ನು ನೇರವಾಗಿ ಮೂಸಿ. ಇದನ್ನು ಮಾಡದೆ ಔಷಧಿ, ಪುಡಿ, ಸ್ಪ್ರೇ ತಂದರೆ ದುಡ್ಡು ದಂಡ. ಕಿವಿಯಲ್ಲಿ ಸೋಂಕಿದ್ದರೆ ಗಡ್ಡ ಎಷ್ಟು ತೊಳೆದರೂ ನಾತ ಹೋಗಲ್ಲ, ಅಲ್ವಾ?

ನೀವು ಹೇಳುವ ಹುಳಿ ನಾತ ಕೇಳಿದರೆ ನನ್ನ ಮೊದಲ ಅನುಮಾನ ಗಡ್ಡದ ಮೇಲೆ. ಶಿಟ್ಜುವಿನ ಮೂತಿ ಮೊಂಡು, ಸುತ್ತಲೂ ಕೂದಲು. ನೀರಿನ ಬಟ್ಟಲಿಗೆ ಬಾಯಿ ಹಾಕಿದಾಗೆಲ್ಲ ಗಡ್ಡವೂ ಮುಳುಗುತ್ತದೆ. ದಿನಕ್ಕೆ ಹತ್ತಾರು ಸಲ ನೆನೆಯುವ ಆ ಕೂದಲು ಒಂದು ಸಲವೂ ಪೂರ್ತಿ ಒಣಗುವುದಿಲ್ಲ. ಜೊತೆಗೆ ನಮ್ಮ ಮನೆಗಳ ಊಟ: ಮೊಸರನ್ನ, ಹಾಲು ಬ್ರೆಡ್ಡು, ರಾಗಿ ಅಂಬಲಿ. ಅಂಬಲಿ ಗಡ್ಡಕ್ಕೆ ಅಂಟಿ ಗಟ್ಟಿಯಾದರೆ ಬಾಚಣಿಗೆ ಇಳಿಯುವುದೇ ಇಲ್ಲ. ಹಾಲು, ಮೊಸರು ಅಲ್ಲೇ ಹುಳಿಯುತ್ತವೆ. ಮರಿಯ ಗಲ್ಲದ ಕೂದಲನ್ನು ಬೆರಳಿನಿಂದ ಎರಡು ಭಾಗ ಮಾಡಿ ನೋಡಿ. ಕೆಳತುಟಿಯಲ್ಲಿ ಕೋರೆಹಲ್ಲಿನ ಹಿಂದೆ ಒಂದು ಸಣ್ಣ ಮಡಿಕೆ ಇರುತ್ತದೆ. ಜೊಲ್ಲು ಬಂದು ನಿಲ್ಲುವುದು ಅಲ್ಲೇ. ಅಲ್ಲಿನ ಕೂದಲು ಕೆಂಪು ಕಂದು ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿ, ಕೆಳಗಿನ ಚರ್ಮ ಕೆಂಪಗೆ ಜಿಗುಟಾಗಿದ್ದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ.

ಪ್ರತಿ ಊಟದ ನಂತರ ಒದ್ದೆ ಬಟ್ಟೆಯಿಂದ ಮೀಸೆ, ಗಡ್ಡ, ತುಟಿಯ ಮಡಿಕೆ ಒರೆಸಿ. ಹಳೇ ಪಂಚೆಯ ಬಟ್ಟೆ ಇದಕ್ಕೆ ಬಹಳ ಒಳ್ಳೆಯದು, ಮೆತ್ತಗಿರುತ್ತದೆ, ನೀರು ಬೇಗ ಹೀರುತ್ತದೆ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ, ಉಜ್ಜಿದರೆ ಕೂದಲು ಸಿಕ್ಕಾಗುತ್ತದೆ. ಕೊನೆಗೆ ಸ್ಟೀಲ್ ಬಾಚಣಿಗೆಯಿಂದ ಬಾಚಿ. ಹೇನು ಬಾಚುವ ಸಣ್ಣ ಹಲ್ಲಿನದಾದರೆ ಅಂಟಿದ ಅಗುಳೂ ಬರುತ್ತದೆ. ಒಣಗಿಸುವುದನ್ನು ಮಾತ್ರ ಬಿಡಬೇಡಿ. ಒರೆಸಿ ಹಾಗೇ ಬಿಟ್ಟರೆ ಇನ್ನೊಂದು ಸಲ ನೆನೆಸಿದಂತೆಯೇ ಆಯಿತು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ಹೇರ್ ಡ್ರೈಯರ್ ಬೇಕಾಗಬಹುದು. ಬಿಸಿ ಇಲ್ಲದ ತಂಪು ಗಾಳಿ ಇಟ್ಟು ದೂರದಿಂದ ಹಿಡಿಯಿರಿ, ಗಾಳಿ ಕಣ್ಣಿಗೆ ನೇರ ಬೀಳದಿರಲಿ.

ಪ್ಲಾಸ್ಟಿಕ್ ಬಟ್ಟಲು ಇದ್ದರೆ ಬದಲಿಸಿ. ಅದರ ಗೀರುಗಳಲ್ಲಿ ಜಿಡ್ಡು, ಬ್ಯಾಕ್ಟೀರಿಯಾ ಕೂರುತ್ತವೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಬಟ್ಟಲನ್ನು ದಿನಾ ಸೋಪು ಹಾಕಿ ತೊಳೆದಿಡಿ. ನೀರಿಗೆ ಮೇಲೆ ತೇಲುವ ತಟ್ಟೆ ಇರುವ ಬಟ್ಟಲು ಸಿಗುತ್ತದೆ. ನಡುವಿನ ಸಣ್ಣ ತೂತಿನಿಂದ ಸ್ವಲ್ಪ ಸ್ವಲ್ಪವೇ ನೀರು ಬರುವುದರಿಂದ ಗಡ್ಡ ಅಷ್ಟು ನೆನೆಯಲ್ಲ. ಗೋಡೆಗೆ ಸಿಕ್ಕಿಸುವ ನಿಪ್ಪಲ್ ಬಾಟಲಿಯನ್ನೂ ಅಭ್ಯಾಸ ಮಾಡಿಸಬಹುದು. ಮರಿ ಅದರಲ್ಲಿ ಸರಿಯಾಗಿ ಕುಡಿಯುವುದನ್ನು ಕಲಿಯುವವರೆಗೆ ಬಟ್ಟಲು ತೆಗೆಯಬೇಡಿ. ಗಡ್ಡ ಒಣಗಿರಲಿ ಅಂತ ಮರಿಗೆ ನೀರು ಕಡಿಮೆ ಆಗಬಾರದು.

ಮೂತಿಯ ಕೂದಲನ್ನು ಗಿಡ್ಡ ಮಾಡಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ನೆಲ ಮುಟ್ಟುವ ಕೂದಲು ಡಾಗ್ ಶೋಗೆ ಚೆಂದ. ಮನೆಯಲ್ಲಿ ಆಡುವ ಮರಿಗೆ, ನಾಯಿಗಳ ಕೂದಲು ಕತ್ತರಿಸುವ ಗ್ರೂಮರ್‌ಗಳು ಪಪ್ಪಿ ಕಟ್ ಅನ್ನುವ ಗಿಡ್ಡ ಕೂದಲೇ ಸುಖ. ಮೂರೂವರೆ ತಿಂಗಳ ಮರಿಯನ್ನು ಪಾರ್ಲರ್‌ಗೆ ಕರೆದೊಯ್ಯುವ ಮುಂಚೆ ಲಸಿಕೆಗಳೆಲ್ಲ ಆಗಿವೆಯಾ ನೋಡಿಕೊಳ್ಳಿ. ಹತ್ತಾರು ನಾಯಿ ಬಂದು ಹೋಗುವ ಜಾಗ ಅದು. ಮನೆಯಲ್ಲೇ ಕತ್ತರಿಸುವುದಾದರೆ ತುದಿ ಮೊಂಡಾದ ಕತ್ತರಿ ಇರಲಿ, ಒಬ್ಬರು ಗಲ್ಲ ಹಿಡಿದುಕೊಳ್ಳಲಿ. ಕಣ್ಣಿನ ಹತ್ತಿರ ಮಾತ್ರ ತಿಳಿದವರ ಕೈಯಲ್ಲೇ ಮಾಡಿಸಿ.

ಹತ್ತಿಯಲ್ಲಿ ವಾಸನೆ ಬಂದದ್ದು ಕಣ್ಣಿನ ಕೆಳಗಿನಿಂದಾದರೆ ವಿಷಯ ಬೇರೆ. ಕಣ್ಣೀರು ಸಾಮಾನ್ಯವಾಗಿ ಕಣ್ಣಿನ ಒಳಮೂಲೆಯ ಎರಡು ಸಣ್ಣ ರಂಧ್ರಗಳಿಂದ ಮೂಗಿಗೆ ಇಳಿದು ಹೋಗುತ್ತದೆ. ಶಿಟ್ಜು, ಲಾಸಾ ಆಪ್ಸೊ, ಮಾಲ್ಟೀಸ್ ಥರದ ತಳಿಗಳಲ್ಲಿ ಅದು ಕೆನ್ನೆಗೆ ಹರಿಯುವುದು ಜಾಸ್ತಿ. ಶಿಟ್ಜುವಿನ ಕಣ್ಣುಗುಳಿ ಆಳವಿಲ್ಲ, ಕಣ್ಣು ಮುಂದಕ್ಕೆ ಉಬ್ಬಿರುತ್ತದೆ. ಮೂಗಿನ ಮೇಲಿನ ಕೂದಲು ಮೇಲ್ಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುತ್ತದೆ. ಕೆಲವು ಮರಿಗಳಿಗೆ ಆ ರಂಧ್ರ ಹುಟ್ಟಿನಿಂದಲೇ ಮುಚ್ಚಿರುತ್ತದೆ. ಡಾಕ್ಟರ್ ಕಣ್ಣಿಗೆ ಫ್ಲೋರೆಸಿನ್ ಅನ್ನುವ ಬಣ್ಣದ ಹನಿ ಹಾಕಿ ನೋಡುತ್ತಾರೆ. ಬಣ್ಣ ಮೂಗಿನಲ್ಲಿ ಕಾಣಿಸಿಕೊಂಡರೆ ದಾರಿ ತೆರೆದಿದೆ ಅಂತ ಅರ್ಥ. ಕಾಣದಿದ್ದರೆ ಅವರು ಇನ್ನಷ್ಟು ಪರೀಕ್ಷೆ ಮಾಡುತ್ತಾರೆ. ಕಣ್ಣಿನ ಮೇಲೆ ಗಾಯ ಇದ್ದರೂ ಅದೇ ಬಣ್ಣ ತೋರಿಸಿಕೊಡುತ್ತದೆ.

ಕಣ್ಣಿನ ಕೆಳಗಿನ ಕೆಂಪು ಕಂದು ಗೆರೆ ನೋಡಿ ರಕ್ತ ಅಂತ ಗಾಬರಿಯಾಗುವವರಿದ್ದಾರೆ. ಅದು ಪಾರ್ಫಿರಿನ್ ಎಂಬ ಬಣ್ಣವಸ್ತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುತ್ತದೆ, ಕಣ್ಣೀರು ಮತ್ತು ಜೊಲ್ಲಿನ ಜೊತೆ ಹೊರಗೆ ಬರುತ್ತದೆ. ಬಿಳಿ ಕೂದಲಲ್ಲಿ ಎದ್ದು ಕಾಣುತ್ತದೆ ಅಷ್ಟೇ, ಕಲೆಯೇ ಕಾಯಿಲೆ ಅಲ್ಲ. ಅಲ್ಲಿ ಸದಾ ಒದ್ದೆ ಇದ್ದು ಚರ್ಮ ಕೆಂಪಾದರೆ ಆಗ ಸೋಂಕು, ಆಗಲೇ ನಾತ. ದಿನಕ್ಕೆರಡು ಸಲ ಕಾಯಿಸಿ ಆರಿಸಿದ ನೀರಿನಿಂದ ಪಿಸುರು ನೆನೆಸಿ, ಮೆತ್ತಗಾದ ಮೇಲೆ ತೆಗೆಯಿರಿ. ಎರಡು ಕಣ್ಣಿಗೆ ಎರಡು ಹತ್ತಿ. ಆಮೇಲೆ ಮೂಗಿನ ಮಡಿಕೆಯನ್ನು ಬಿಡಿಸಿ, ಒಳಗೂ ಒಣಗಿಸಿ. ಇಲ್ಲಿ ಪೌಡರ್ ಹಾಕಬೇಡಿ, ಕಣ್ಣಿಗೂ ಹೋಗುತ್ತದೆ, ಉಸಿರಿಗೂ ಹೋಗುತ್ತದೆ.

ಕಲೆ ಹೋಗಲು ತಿನ್ನಿಸುವ ಪುಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ದಯವಿಟ್ಟು ಡಾಕ್ಟರ್ ಹೇಳದೆ ಕೊಡಬೇಡಿ. ಇಂಥ ಕೆಲವು ಉತ್ಪನ್ನಗಳಲ್ಲಿ ಟೈಲೋಸಿನ್ ಎಂಬ ಆಂಟಿಬಯಾಟಿಕ್ ಇದೆ ಎಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಬರೀ ಕೂದಲ ಬಣ್ಣಕ್ಕಾಗಿ ಮರಿಗೆ ದಿನಾ ಆಂಟಿಬಯಾಟಿಕ್ ತಿನ್ನಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಕಿವಿಯ ವಾಸನೆಯನ್ನು ಮುಖದ್ದು ಅಂದುಕೊಳ್ಳುವವರು ಬಹಳ. ಜೋತುಬಿದ್ದ ಕಿವಿಯೊಳಗೆ ಗಾಳಿ ಆಡುವುದಿಲ್ಲ. ನಾಯಿಯ ಕಿವಿಯ ನಾಳ ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಹಾಗಾಗಿ ಒಳಗೆ ಹೋದ ಸ್ನಾನದ ನೀರು ಸುಲಭವಾಗಿ ಹೊರಗೆ ಬರಲ್ಲ. ಮರಿ ತಲೆ ಕೊಡವುತ್ತಿದ್ದರೆ, ಕಿವಿ ಕೆರೆದುಕೊಳ್ಳುತ್ತಿದ್ದರೆ, ಒಳಗೆ ಕಾಫಿಪುಡಿ ಬಣ್ಣದ ಗುಗ್ಗೆ ಕಂಡರೆ ಡಾಕ್ಟರಿಗೆ ತೋರಿಸಿ. ಮರಿಗಳಲ್ಲಿ ಕಿವಿಯ ನುಸಿ ಸಾಮಾನ್ಯ, ಔಷಧಿಗೆ ಹೋಗುತ್ತದೆ. ಬಡ್ಸ್ ಮಾತ್ರ ಹಾಕಬೇಡಿ, ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ.

ಬಾಯಿಯ ವಿಷಯಕ್ಕೆ ನಿಮ್ಮ ಮರಿಯ ವಯಸ್ಸು ಮುಖ್ಯ. ನಾಯಿಗೆ 28 ಹಾಲುಹಲ್ಲು. ಮೂರೂವರೆ, ನಾಲ್ಕು ತಿಂಗಳಿಗೆ ಅವು ಉದುರಲು ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ಈ ಸಮಯದಲ್ಲಿ ವಸಡಿನಿಂದ ಸ್ವಲ್ಪ ರಕ್ತ, ಜೊಲ್ಲು, ಒಂದಿಷ್ಟು ಕಮಟು ವಾಸನೆ ಎಲ್ಲ ಸಹಜ. ಜೊಲ್ಲು ಹೆಚ್ಚಾದರೆ ಗಡ್ಡ ಇನ್ನೂ ನೆನೆಯುತ್ತದೆ ಅಂತ ನೆನಪಿರಲಿ. ಸಣ್ಣ ತಳಿಗಳಲ್ಲಿ ಹೊಸ ಹಲ್ಲು ಬಂದರೂ ಹಾಲುಹಲ್ಲು ಬೀಳದೆ ಪಕ್ಕದಲ್ಲೇ ನಿಂತುಬಿಡುತ್ತದೆ, ಕೋರೆಹಲ್ಲಿನಲ್ಲಿ ಇದು ಜಾಸ್ತಿ. ನಡುವೆ ಅನ್ನ, ಕೂದಲು ಸಿಕ್ಕಿ ಕೊಳೆಯುತ್ತವೆ. ಆರು ತಿಂಗಳಾದರೂ ಜೋಡಿ ಹಲ್ಲು ಕಂಡರೆ ತೆಗೆಸಬೇಕಾಗಬಹುದು. ಹಲ್ಲುಜ್ಜುವ ಅಭ್ಯಾಸ ಈಗಲೇ ಮಾಡಿಸಿ, ನಾಯಿಗಳ ಪೇಸ್ಟ್ ಮಾತ್ರ. ನಮ್ಮ ಪೇಸ್ಟ್‌ಗಳಲ್ಲಿ ಕೆಲವಕ್ಕೆ ಜೈಲಿಟಾಲ್ ಎಂಬ ಸಿಹಿ ಹಾಕಿರುತ್ತಾರೆ, ಅದು ನಾಯಿಗೆ ವಿಷ.

ಕೇಳಲು ಸಂಕೋಚ ಆದರೂ ಕೇಳುತ್ತೇನೆ: ಮರಿ ತನ್ನ ಕಕ್ಕ ತಿನ್ನುತ್ತದೆಯಾ ನೋಡಿ. ಬಹಳ ಮರಿಗಳು ತಿನ್ನುತ್ತವೆ. ಬೈಯಬೇಡಿ, ಮಾಡಿದ ಕೂಡಲೇ ಎತ್ತಿಬಿಡಿ. ಮೀನಿನಂಥ ನಾತ ಬರುತ್ತಿದ್ದರೆ ಹಿಂಭಾಗ ನೆಕ್ಕಿಕೊಂಡ ಬಾಯಿಯಿಂದ ಬಂದಿರಬಹುದು. ಗುದದ ಪಕ್ಕದ ಗ್ರಂಥಿಗಳ ವಾಸನೆ ಹಾಗಿರುತ್ತದೆ. ನೆಲಕ್ಕೆ ಕುಂಡೆ ಉಜ್ಜುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅತ್ತೆಯವರು ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚು ಅಂತ ಹೇಳಬಹುದು. ಅವರ ಕಾಳಜಿ ದೊಡ್ಡದು, ಆದರೆ ಈ ಜಾಗಕ್ಕೆ ಬೇಡ. ಎಣ್ಣೆ ಮಡಿಕೆಯೊಳಗೆ ತೇವವನ್ನೂ ಧೂಳನ್ನೂ ಹಿಡಿದಿಡುತ್ತದೆ. ಅರಿಸಿನ ಕಣ್ಣಿಗೆ ಬಿದ್ದರೆ ಉರಿ. ನಿಂಬೆರಸ, ವಿನಿಗರ್, ಹೈಡ್ರೋಜನ್ ಪೆರಾಕ್ಸೈಡ್, ಆಂಟಿಸೆಪ್ಟಿಕ್ ದ್ರಾವಣ, ಸೆಂಟು ಇವೂ ಮುಖದ ಹತ್ತಿರ ಬರಬಾರದು. ಟೀ ಟ್ರೀ ಎಣ್ಣೆ ನೈಸರ್ಗಿಕ ಅಂತ ಮಾರುತ್ತಾರೆ, ನಾಯಿಗೆ ಅದು ವಿಷ. ನಾಯಿ ತನ್ನ ಮೂತಿಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ.

ಕೆಲವನ್ನು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮರಿ ಒಂದು ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಣ್ಣು ಬೆಳ್ಳಗಾದರೆ, ಮುಖವನ್ನು ಚಾಪೆಗೆ ಉಜ್ಜುತ್ತಿದ್ದರೆ ಅದೇ ದಿನ ಹೋಗಿ. ಈ ತಳಿಯಲ್ಲಿ ಕಣ್ಣಿನ ಹುಣ್ಣು ಬೇಗ ಕೆಡುತ್ತದೆ. ಎರಡೂ ಕಣ್ಣಲ್ಲಿ ಹಳದಿ ಕೀವು, ಮೂಗಲ್ಲಿ ಸಿಂಬಳ, ಜ್ವರ, ಊಟ ಬಿಟ್ಟಿದೆ ಅಂದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇರಬಹುದು, ಲಸಿಕೆ ಪೂರ್ತಿಯಾಗದ ಮರಿಗೆ ಜೀವಕ್ಕೇ ಅಪಾಯ. ಮೂತಿ ಊದಿಕೊಂಡು ಕೀವುಗುಳ್ಳೆ ಬಂದರೂ, ಕಣ್ಣು ಬಾಯಿ ಸುತ್ತ ಕೂದಲು ಉದುರಿದರೂ ತೋರಿಸಬೇಕು. ಉಸಿರು ಮೂತ್ರದ ವಾಸನೆ ಬರುತ್ತಾ ಮರಿ ಮಂಕಾಗಿದ್ದರೆ ಕಿಡ್ನಿ, ಲಿವರ್ ಪರೀಕ್ಷೆ ಬೇಕು.

ಇವ್ಯಾವುವೂ ಇಲ್ಲದಿದ್ದರೆ ಒಂದು ವಾರ ಮೇಲೆ ಹೇಳಿದಂತೆ ಒರೆಸಿ, ಒಣಗಿಸಿ ನೋಡಿ. ಗಡ್ಡದ ವಾಸನೆಯಾದರೆ ಅಷ್ಟರಲ್ಲಿ ಬಹಳ ಕಡಿಮೆಯಾಗುತ್ತದೆ. ಕಲೆ ಮಾತ್ರ ಹೋಗುವುದಿಲ್ಲ, ಬಣ್ಣ ಹತ್ತಿದ ಕೂದಲು ಬೆಳೆದು ಕತ್ತರಿಸುವವರೆಗೆ ಇರುತ್ತದೆ. ವಾಸನೆ ಹಾಗೇ ಇದ್ದರೆ ಹತ್ತಿರದ ಪಶುವೈದ್ಯರಲ್ಲಿಗೆ ಹೋಗಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಹೋಗುವ ದಿನ ಬೆಳಗ್ಗೆ ಮಾತ್ರ ಮರಿಯ ಮುಖ ತೊಳೆಯಬೇಡಿ, ಕಿವಿಯನ್ನೂ ಒರೆಸಬೇಡಿ. ಡಾಕ್ಟರ್ ಆ ಮಡಿಕೆಗೆ ಟೇಪ್ ಅಂಟಿಸಿ ತೆಗೆದು, ಮೈಕ್ರೋಸ್ಕೋಪಿನಲ್ಲಿ ಯೀಸ್ಟಾ, ಬ್ಯಾಕ್ಟೀರಿಯಾನಾ ಅಂತ ನೋಡುತ್ತಾರೆ. ಎರಡಕ್ಕೂ ಔಷಧಿ ಬೇರೆ ಬೇರೆ. ಚೊಕ್ಕ ಮಾಡಿ ಕರೆದೊಯ್ದರೆ ಅವರಿಗೆ ನೋಡಲು ಏನೂ ಸಿಗುವುದಿಲ್ಲ.