ವೇಗಸ್‌ನಲ್ಲಿ ಕೈಗೆಟಕುವ ಖರ್ಚಿನಲ್ಲಿ ಪೋಕರ್ ಆಡಿ, ಅಲ್ಲೇ ತಂಗಲು ಯಾವ ಕ್ಯಾಸಿನೊ ಒಳ್ಳೆಯದು?

ಪ್ರಶ್ನೆ: ಅಮೆರಿಕಕ್ಕೆ ಹೋದಾಗ ನಾಲ್ಕು ದಿನ ಲಾಸ್ ವೇಗಸ್‌ನಲ್ಲಿ ಇರಬೇಕೆಂದಿದ್ದೇವೆ. ಪೋಕರ್ ಆಡಲು ಬರುತ್ತದೆ, ಆದರೆ ದೊಡ್ಡ ಆಟಗಾರರಲ್ಲ. ಗಡಿಬಿಡಿ, ದೊಡ್ಡಸ್ತಿಕೆ ಇಲ್ಲದ ಟೇಬಲ್ ಬೇಕು, ಅದೇ ಕಟ್ಟಡದಲ್ಲಿ ಕಡಿಮೆ ಬಾಡಿಗೆಯ ಕೋಣೆಯೂ ಬೇಕು. ಹೇಗೆ ಆರಿಸುವುದು?

ಉತ್ತರ: ಮೊದಲು ಟೇಬಲ್ ಆರಿಸಿ, ಆಮೇಲೆ ಮಂಚ. ಹೆಚ್ಚಿನವರು ಇದನ್ನೇ ತಿರುವುಮುರುವು ಮಾಡುತ್ತಾರೆ. ಹೋಟೆಲ್ ಸೈಟಿನಲ್ಲಿ ಅಗ್ಗದ ಕೋಣೆ ಹಿಡಿಯುತ್ತಾರೆ, ಅಲ್ಲಿ ಹೋಗಿ ನೋಡಿದರೆ ಪೋಕರ್ ರೂಮೇ ಇರುವುದಿಲ್ಲ, ಇದ್ದರೂ ತಮಗೆ ಬೇಕಾದ ಆಟ ನಡೆಯುತ್ತಿರುವುದಿಲ್ಲ. ನೀವು ಹೇಳಿದ ಎರಡೂ ಷರತ್ತಿಗೆ ಚೆನ್ನಾಗಿ ಹೊಂದುವುದು ಸ್ಟ್ರಿಪ್‌ನಿಂದ (ದೊಡ್ಡ ಕ್ಯಾಸಿನೊಗಳು ಸಾಲಾಗಿರುವ ಮುಖ್ಯ ರಸ್ತೆ) ಹೊರಗಿರುವ ಎರಡು ಕ್ಯಾಸಿನೊಗಳು: ಆರ್ಲಿಯನ್ಸ್ ಮತ್ತು ಸೌತ್ ಪಾಯಿಂಟ್. ಸ್ಟ್ರಿಪ್‌ನಲ್ಲೇ ಇರಬೇಕೆಂಬ ಹಟವಿಲ್ಲದಿದ್ದರೆ ಇವೆರಡರಲ್ಲಿ ಒಂದನ್ನು ಹಿಡಿಯಿರಿ.

ಎರಡರ ಹಿಂದೆಯೂ ಇರುವ ಹೆಸರು ಮೈಕಲ್ ಗೋಹನ್. 1996ರಲ್ಲಿ ಆರ್ಲಿಯನ್ಸ್ ತೆರೆದದ್ದು ಅವರ ಕಂಪನಿ. ಈಗ ಅದು ಬಾಯ್ಡ್ ಗೇಮಿಂಗ್ ಕೈಯಲ್ಲಿದೆ. ಸೌತ್ ಪಾಯಿಂಟ್ 2005ರಲ್ಲಿ ಸೌತ್ ಕೋಸ್ಟ್ ಎಂಬ ಹೆಸರಿನಲ್ಲಿ ಶುರುವಾಗಿ, ಮರುವರ್ಷ ಅವರೇ ಅದನ್ನು ಕೊಂಡ ಮೇಲೆ ಈಗಿನ ಹೆಸರು ಪಡೆಯಿತು. ಎರಡೂ ಊರಿನ ಜನರನ್ನು ನಂಬಿ ಕಟ್ಟಿದವು. ಟೇಬಲ್ಲಿನ ಸ್ವಭಾವ ಬಂದಿರುವುದೂ ಅಲ್ಲಿಂದಲೇ. ಬೆಳಗಿನ ಹೊತ್ತು ಹೋದರೆ ನಿವೃತ್ತರು, ಎಲೆ ಹಂಚುವ ಡೀಲರ್‌ಗಳ ಹೆಸರು ಹಿಡಿದು ಮಾತಾಡಿಸುವವರು, ವಾರಕ್ಕೆ ನಾಲ್ಕು ದಿನ ಅದೇ ಕುರ್ಚಿಗೆ ಬರುವವರು ಸಿಗುತ್ತಾರೆ. ಸಂಜೆ ಸ್ಟ್ರಿಪ್‌ನ ಬೆಲಾಜಿಯೊ, ಏರಿಯಾ, ವಿನ್‌ಗಳಲ್ಲಿ ಕಾಣುವ ಬಿಗಿ ಇಲ್ಲಿಲ್ಲ. ಹಾಗೆಂದು ಇವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಾಳ್ಮೆಯಿಂದ ಆಡುವವರು, ಸುಮ್ಮನೆ ಹಣ ಬಿಡುವವರಲ್ಲ.

ಇವೆರಡರ ನಡುವೆ ಆರಿಸುವುದು ಹೀಗೆ. ಲಿಮಿಟ್ ಹೋಲ್ಡೆಮ್ (ಬೆಟ್‌ನ ಮೊತ್ತ ನಿಗದಿಯಾಗಿರುವ ಪೋಕರ್) ಅಥವಾ ಓಮಾಹಾ ಹೈ-ಲೋ (ಕೈಗೆ ನಾಲ್ಕು ಎಲೆ, ದೊಡ್ಡ ಹ್ಯಾಂಡಿಗೂ ಸಣ್ಣ ಹ್ಯಾಂಡಿಗೂ ಹಣ ಹಂಚುವ ಆಟ) ಆಡುವ ಮನಸ್ಸಿದ್ದರೆ ಆರ್ಲಿಯನ್ಸ್. ಈ ಆಟಗಳಿಗೆ ಊರಲ್ಲೇ ಹೆಸರಾದ ಜಾಗ ಅದು. ಸ್ಟ್ರಿಪ್‌ನ ಪಶ್ಚಿಮಕ್ಕೆ, ಟ್ರಾಪಿಕಾನಾ ರಸ್ತೆಯಲ್ಲಿ ಇರುವುದರಿಂದ ಸಂಜೆ ಸ್ಟ್ರಿಪ್‌ಗೆ ಹೋಗಿ ಬರುವುದೂ ಸುಲಭ. ಸೌತ್ ಪಾಯಿಂಟ್ ಊರಿನ ದಕ್ಷಿಣ ತುದಿಯ ಕಡೆಗಿದೆ. ಬೌಲಿಂಗ್, ಸಿನಿಮಾ, ಊಟ ಎಲ್ಲ ಒಂದೇ ಸೂರಿನಡಿ, ಆದರೆ ಸ್ಟ್ರಿಪ್ ನೋಡಬೇಕೆಂದರೆ ಪ್ರತಿ ಸಲ ಕ್ಯಾಬ್. ಜೊತೆಗೆ ಬಂದವರು ಪೋಕರ್ ಆಡದೆ ಊರು ಸುತ್ತುವವರಾದರೆ ಸೌತ್ ಪಾಯಿಂಟ್‌ನ ಅಗ್ಗದ ಬಾಡಿಗೆ ಕ್ಯಾಬಿನಲ್ಲೇ ಕರಗುತ್ತದೆ. ಬಾಡಿಗೆ ಕಾರು ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಸ್ಟ್ರಿಪ್‌ನ ಹಲವು ದೊಡ್ಡ ಹೋಟೆಲುಗಳಲ್ಲಿ ಪಾರ್ಕಿಂಗ್‌ಗೇ ಪ್ರತ್ಯೇಕ ದುಡ್ಡು ಕೊಡಬೇಕು.

ಟಿಕೆಟ್ ಬುಕ್ ಮಾಡುವ ಮುನ್ನ ಪೋಕರ್ ರೂಮ್ ಇನ್ನೂ ನಡೆಯುತ್ತಿದೆಯೇ ನೋಡಿಕೊಳ್ಳಿ. 2020ರ ಕೋವಿಡ್ ಬಂದ್ ಆದ ಮೇಲೆ ಹಲವು ಪೋಕರ್ ರೂಮ್‌ಗಳು ಮತ್ತೆ ತೆರೆಯಲೇ ಇಲ್ಲ. ಮಿರಾಜ್‌ನಂಥ ಇಡೀ ಹೋಟೆಲೇ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಹಳೆಯ ಪ್ರವಾಸ ಲೇಖನಗಳಲ್ಲಿ ಮಾತ್ರ ಅವು ಜೀವಂತ. ಬ್ರಾವೊ ಪೋಕರ್ ಲೈವ್ ಮತ್ತು ಪೋಕರ್ ಅಟ್ಲಾಸ್ ಆ್ಯಪ್‌ಗಳು ಯಾವ ರೂಮಿನಲ್ಲಿ ಯಾವ ಆಟ ಎಷ್ಟು ಟೇಬಲ್ ನಡೆಯುತ್ತಿದೆ, ಎಷ್ಟು ಜನ ಕಾಯುತ್ತಿದ್ದಾರೆ ಎಂದು ತೋರಿಸುತ್ತವೆ. ಒಂದು ವಾರ ಮೊದಲಿನಿಂದಲೇ ನೀವು ಆಡಬೇಕೆಂದಿರುವ ಗಂಟೆಗಳಲ್ಲಿ ಅದನ್ನು ತೆರೆದು ನೋಡುತ್ತಾ ಬನ್ನಿ. ಬೇರೆ ಯಾವ ವಿಮರ್ಶೆಗಿಂತಲೂ ಇದು ನಂಬಿಕೆಗೆ ಯೋಗ್ಯ.

ಗಂಟೆಗಳು ಎಂದದ್ದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ವೇಗಸ್ ಬೆಂಗಳೂರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಊರಿಂದ ನೇರ ಬಂದವರಿಗೆ ಮೊದಲ ಎರಡು ಮೂರು ದಿನ ನಡುರಾತ್ರಿ ಮೂರಕ್ಕೆ ಎಚ್ಚರ, ಸಂಜೆ ಆರಕ್ಕೆ ಕಣ್ಣು ಎಳೆಯುತ್ತದೆ. ಮೂರು ಗಂಟೆಗೆ ಸಣ್ಣ ರೂಮ್‌ಗಳಲ್ಲಿ ಹೆಚ್ಚೆಂದರೆ ಒಂದು ಟೇಬಲ್, ಅದೂ ನಾಲ್ಕೈದು ಜನರದ್ದು. ಆಗ ಉಳಿದಿರುವವರು ಸೋತದ್ದನ್ನು ವಾಪಸ್ ಪಡೆಯಲು ಕೂತವರು, ಇಲ್ಲವೇ ಅಂಥವರಿಗಾಗಿ ಕಾದವರು. ಆ ಟೇಬಲ್ ನಿಮಗಲ್ಲ. ತಿಂಡಿ ತಿಂದು ಒಂಬತ್ತು ಹತ್ತರ ಹೊತ್ತಿಗೆ ಹೋಗಿ. ಊರಿನವರು ಬರುವುದೂ ಆಗಲೇ, ಆಟ ಹದವಾಗಿರುವುದೂ ಆಗಲೇ.

ಇನ್ನು ಯಾವ ಆಟ? ಅಗ್ಗದ ನೋ-ಲಿಮಿಟ್ (ಬೆಟ್‌ಗೆ ಮಿತಿಯಿಲ್ಲದ) ಟೇಬಲ್ಲುಗಳು ಸಾಮಾನ್ಯವಾಗಿ 1/2 ಅಥವಾ 1/3 ಡಾಲರ್ ಬ್ಲೈಂಡ್‌ನವು (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಹಣ). 100 ಡಾಲರ್‌ಗೆ ಕೂರಬಹುದು, ಎದುರಿರುವವರು 300ರಿಂದ 500 ಇಟ್ಟುಕೊಂಡಿರುತ್ತಾರೆ. ನಿಮ್ಮ ಮುಂದಿರುವುದಷ್ಟೂ ಒಂದೇ ಹ್ಯಾಂಡಿನಲ್ಲಿ (ಒಂದು ಸಲ ಎಲೆ ಹಂಚಿ ಆಡುವ ಆಟ) ಹೋಗಬಹುದು. 4/8 ಲಿಮಿಟ್‌ನಲ್ಲಿ, ಅಂದರೆ ಮೊದಲೆರಡು ಸುತ್ತಿನಲ್ಲಿ ಬೆಟ್ 4, ಕೊನೆಯ ಎರಡರಲ್ಲಿ 8 ಡಾಲರ್ ಎಂದು ನಿಗದಿಯಾದ ಆಟದಲ್ಲಿ, ಹಾಗಲ್ಲ. ಒಂದು ಸುತ್ತಿಗೆ ಒಂದು ಬೆಟ್, ಮೂರು ರೇಸ್ (ಬೆಟ್ ಏರಿಸುವುದು) ಎಂಬ ಮಿತಿ ಇದ್ದಲ್ಲಿ ಮೊದಲೆರಡು ಸುತ್ತಿಗೆ ತಲಾ 16, ಕೊನೆಯ ಎರಡಕ್ಕೆ ತಲಾ 32, ಒಟ್ಟು 96 ಡಾಲರ್. ಎಷ್ಟೇ ಕೆಟ್ಟರೂ ಒಂದು ಹ್ಯಾಂಡಿಗೆ ಹೋಗುವುದು ಅಷ್ಟೇ, ಮಾಮೂಲಿಯಾಗಿ ಹೋಗುವುದು 12ರಿಂದ 30. ಊರಿನ ಕ್ಲಬ್ಬಿನಲ್ಲಿ ರಮ್ಮಿ ಆಡಿ ರೂಢಿಯಿರುವವರಿಗೆ, ಮಾತಾಡುತ್ತಾ ಕಾಫಿ ಕುಡಿಯುತ್ತಾ ಆಡುವವರಿಗೆ ಈ ಲಿಮಿಟ್ ಆಟವೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 150 ಡಾಲರ್ ಹಿಡಿದು ಕೂತರೆ ಅರ್ಧ ದಿನ ನೆಮ್ಮದಿಯಾಗಿ ಕಳೆಯಬಹುದು.

ಆದರೆ ಕೂತಿದ್ದಕ್ಕೂ ಬಾಡಿಗೆ ಇದೆ. ಹೊಸಬರ ಲೆಕ್ಕ ತಪ್ಪುವುದು ಇಲ್ಲೇ. ಕ್ಯಾಸಿನೊ ಪ್ರತಿ ಪಾಟ್‌ನಿಂದ (ಆ ಹ್ಯಾಂಡಿನಲ್ಲಿ ಎಲ್ಲರೂ ಇಟ್ಟ ಹಣ) ಸಾಮಾನ್ಯವಾಗಿ ಶೇ 10ರಷ್ಟು, ಒಂದು ಮಿತಿಯವರೆಗೆ, ರೇಕ್ ತೆಗೆಯುತ್ತದೆ. ಫ್ಲಾಪ್ (ಟೇಬಲ್ಲಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆ) ಬೀಳದಿದ್ದರೆ ತೆಗೆಯುವುದಿಲ್ಲ. ಮಿತಿ 5 ಡಾಲರ್ ಎಂದುಕೊಳ್ಳಿ. 60 ಡಾಲರ್ ಪಾಟ್ ಗೆದ್ದಿರಿ: ರೇಕ್ 5, ಜಾಕ್‌ಪಾಟ್ ನಿಧಿಗೆ 2, ಡೀಲರ್‌ಗೆ ನೀವು ಕೊಡುವ ಟಿಪ್ 1. ನಿಮ್ಮ ಕೈಗೆ ಬಂದದ್ದು 52. ಗಂಟೆಗೆ ಸುಮಾರು 30 ಹ್ಯಾಂಡ್, ಸರಾಸರಿ ಹ್ಯಾಂಡಿಗೆ ನಾಲ್ಕೂವರೆ ಡಾಲರ್ ಹೋದರೆ ಟೇಬಲ್ಲಿಂದ ಗಂಟೆಗೆ 135 ಡಾಲರ್ ಡಬ್ಬಿಗೆ ಬೀಳುತ್ತದೆ. ಒಂಬತ್ತು ಜನಕ್ಕೆ ಹಂಚಿ, ತಲಾ 15. ದಿನಕ್ಕೆ ಆರು ಗಂಟೆ ಆಡಿದರೆ 90 ಡಾಲರ್. ಕೋಣೆ ಬಾಡಿಗೆಯಲ್ಲಿ ಹತ್ತು ಡಾಲರ್ ಉಳಿಸಲು ಗಂಟೆಗಟ್ಟಲೆ ಹುಡುಕುವವರು ರೇಕ್ ಮಿತಿ 5 ಡಾಲರೋ 7 ಡಾಲರೋ ಎಂದು ಒಂದು ಮಾತು ಕೇಳುವುದಿಲ್ಲ. ಕೇಳಿ. ಅದು ರೂಮಿನ ಗೋಡೆಯ ಮೇಲೋ ಟೇಬಲ್ಲಿನ ಮೇಲೋ ಬರೆದಿರುತ್ತದೆ.

ಜಾಕ್‌ಪಾಟ್ ನಿಧಿಯ ಹಣ ಹೈ ಹ್ಯಾಂಡ್ (ಆ ಹೊತ್ತಿನ ಅತಿ ದೊಡ್ಡ ಹ್ಯಾಂಡಿಗೆ), ಬ್ಯಾಡ್ ಬೀಟ್ (ತುಂಬಾ ದೊಡ್ಡ ಹ್ಯಾಂಡ್ ಇದ್ದೂ ಸೋತವರಿಗೆ) ಬಹುಮಾನಗಳಾಗಿ ಆಟಗಾರರಿಗೇ ಮರಳುತ್ತದೆ. ವರ್ಷವಿಡೀ ಆಡುವ ಊರಿನವರಿಗೆ ಅದು ಸರಿಹೋಗುತ್ತದೆ. ನಾಲ್ಕು ದಿನ ಬಂದವರು ಕೊಡುವುದೇ ಹೆಚ್ಚು. ಹೈ ಹ್ಯಾಂಡ್ ಇದ್ದರೆ ನಿಯಮದ ಚೀಟಿ ಓದಿಕೊಳ್ಳಿ. ಪಾಟ್‌ನಲ್ಲಿ ಕನಿಷ್ಠ ಇಷ್ಟು ಇರಬೇಕು, ಕೈಯಲ್ಲಿರುವ ಎರಡೂ ಎಲೆ ಬಳಕೆಯಾಗಿರಬೇಕು ಎಂಬ ಷರತ್ತು ಸಾಮಾನ್ಯ. ಎಲೆಗಳನ್ನು ಬೇಗ ಡೀಲರ್ ಕಡೆ ತಳ್ಳಿಬಿಟ್ಟರೆ ಬಂದ ಬಹುಮಾನವೂ ಹೋಗುತ್ತದೆ.

ಈಗ ಕೋಣೆ. ಬೆಲೆ ನೋಡುವಾಗ ರೆಸಾರ್ಟ್ ಫೀ ಎಂಬ ಕಡ್ಡಾಯ ದಿನದ ಶುಲ್ಕವನ್ನು ಸೇರಿಸಿಯೇ ನೋಡಿ. 45 ಡಾಲರ್ ಕೋಣೆಗೆ 40 ಡಾಲರ್ ರೆಸಾರ್ಟ್ ಫೀ, ಎರಡರ ಮೇಲೂ ಸುಮಾರು ಶೇ 13 ತೆರಿಗೆ ಬಿದ್ದರೆ 96 ಡಾಲರ್. 2025ರ ಮೇ 12ರಿಂದ ಅಮೆರಿಕದ ಕೇಂದ್ರ ನಿಯಮದಂತೆ ಕಡ್ಡಾಯ ಶುಲ್ಕವನ್ನು ಸೇರಿಸಿಯೇ ದರ ತೋರಿಸಬೇಕು, ಹಾಗಾಗಿ ಮೊದಲಿನ ಮೋಸ ಕಡಿಮೆಯಾಗಿದೆ. ತೆರಿಗೆ ಮಾತ್ರ ಈಗಲೂ ಕೊನೆಯ ಪುಟದಲ್ಲಿ ಸೇರಬಹುದು. ಭಾನುವಾರದಿಂದ ಗುರುವಾರದವರೆಗಿನ ದರಕ್ಕೂ ಶುಕ್ರವಾರ, ಶನಿವಾರದ ದರಕ್ಕೂ ಎರಡು ಮೂರು ಪಟ್ಟು ಅಂತರ ಇರುವುದುಂಟು. ಜನವರಿಯ ಸಿಇಎಸ್ ತಂತ್ರಜ್ಞಾನ ಮೇಳ, 2023ರಿಂದ ನವೆಂಬರ್‌ನಲ್ಲಿ ನಡೆಯುತ್ತಿರುವ ಫಾರ್ಮುಲಾ ಒನ್ ರೇಸ್, ಈ ದಿನಗಳನ್ನು ಬಿಟ್ಟುಬಿಡಿ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ವರ್ಲ್ಡ್ ಸೀರೀಸ್ ಆಫ್ ಪೋಕರ್. 2022ರಿಂದ ಅದು ಹಾರ್ಸ್‌ಶೂ ಮತ್ತು ಪ್ಯಾರಿಸ್ ಹೋಟೆಲುಗಳಲ್ಲಿ ನಡೆಯುತ್ತದೆ. ನೋಡಲು ಹಬ್ಬ, ಆದರೆ ಆಗ ಸಣ್ಣ ಟೇಬಲ್ಲುಗಳಲ್ಲೂ ಪಳಗಿದವರು ಬಂದು ಕೂರುತ್ತಾರೆ.

ಹೋಟೆಲ್ ಸೈಟಿನಲ್ಲಿ ಕಾಣದ ಇನ್ನೊಂದು ದರವಿದೆ: ಪೋಕರ್ ರೇಟ್. ದಿನಕ್ಕೆ ಇಂತಿಷ್ಟು ಗಂಟೆ ಟೇಬಲ್ಲಿನಲ್ಲಿ ಕೂತವರಿಗೆ ಪೋಕರ್ ರೂಮೇ ಕಡಿಮೆ ದರದಲ್ಲಿ ಕೋಣೆ ಕೊಡಿಸುತ್ತದೆ. ಇದಕ್ಕೆ ಹೋಟೆಲ್ ರಿಸೆಪ್ಶನ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಪೋಕರ್ ರೂಮಿಗೇ ಮಾಡಿ. ಗಂಟೆಗಳನ್ನು ದಿನಕ್ಕೆ ಲೆಕ್ಕ ಹಾಕುತ್ತಾರೋ ಒಟ್ಟು ವಾಸ್ತವ್ಯದ ಸರಾಸರಿಯೋ, ಟೂರ್ನಮೆಂಟಿನಲ್ಲಿ ಕಳೆದ ಸಮಯ ಸೇರುತ್ತದೆಯೋ, ರೆಸಾರ್ಟ್ ಫೀ ಬಿಡುತ್ತಾರೋ, ಶುಕ್ರವಾರ ಶನಿವಾರಕ್ಕೂ ಅನ್ವಯವೋ, ಗಂಟೆ ಕಡಿಮೆಯಾದರೆ ಪೂರ್ತಿ ದರ ವಸೂಲಿ ಮಾಡುತ್ತಾರೋ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ. ದಂಪತಿಯಾಗಿ ಹೋಗಿ ಊರೂ ನೋಡಬೇಕೆಂದಿರುವವರಿಗೆ ದಿನಕ್ಕೆ ಐದಾರು ಗಂಟೆಯ ಕಟ್ಟು ಭಾರವಾಗುತ್ತದೆ. ಗಂಟೆ ತುಂಬಿಸಲೆಂದೇ ಸುಸ್ತಾದ ಮೇಲೂ ಕೂತು ಕಳೆಯುವ ಹಣ, ಬಾಡಿಗೆಯಲ್ಲಿ ಉಳಿಸಿದ್ದಕ್ಕಿಂತ ಬೇಗ ದೊಡ್ಡದಾಗುತ್ತದೆ. ಅಂಥವರು ವಾರದ ನಡುವಿನ ಮಾಮೂಲಿ ದರ ಹಿಡಿಯುವುದೇ ಜಾಣತನ.

ಹೋದ ತಕ್ಷಣ ಪ್ಲೇಯರ್ಸ್ ಕಾರ್ಡ್ ಮಾಡಿಸಿ. ಉಚಿತ, ಪಾಸ್‌ಪೋರ್ಟ್ ಸಾಕು, ವಯಸ್ಸು 21 ದಾಟಿರಬೇಕು. ಕೂರುವಾಗ ಕಾರ್ಡ್ ಸ್ವೈಪ್ ಆಗದಿದ್ದರೆ ಆ ಗಂಟೆಗಳು ಎಲ್ಲೂ ದಾಖಲಾಗುವುದಿಲ್ಲ. ಸ್ವೈಪ್ ಆದರೆ ಹಲವೆಡೆ ಗಂಟೆಗೆ ಒಂದೆರಡು ಡಾಲರ್ ಊಟದ ಲೆಕ್ಕಕ್ಕೆ ಜಮಾ ಆಗುತ್ತದೆ. ಕೂರುವ ಮುನ್ನ ಐದು ನಿಮಿಷ ಹೊರಗೆ ನಿಂತು ನೋಡಿ. ನೆವಾಡಾದ ಕ್ಯಾಸಿನೊ ನೆಲದಲ್ಲಿ ಸಿಗರೇಟಿಗೆ ಅನುಮತಿಯಿದೆ; ಪೋಕರ್ ರೂಮಿನೊಳಗೆ ಸಾಮಾನ್ಯವಾಗಿ ಇಲ್ಲ. ಆದರೆ ಬರೀ ಕಟಾಂಜನ ಹಾಕಿದ ತೆರೆದ ರೂಮಾದರೆ ಪಕ್ಕದ ಸ್ಲಾಟ್ ಯಂತ್ರಗಳ ಹೊಗೆ ಟೇಬಲ್ಲಿಗೇ ಬರುತ್ತದೆ. ಎಲ್ಲರೂ ಕಪ್ಪು ಕನ್ನಡಕ, ಹೆಡ್‌ಫೋನ್ ಹಾಕಿ ಮೌನವಾಗಿ ಕೂತಿದ್ದರೆ ನೀವು ಹುಡುಕುತ್ತಿರುವ ಟೇಬಲ್ ಅದಲ್ಲ. ಬೇರೆ ಟೇಬಲ್ ಬೇಕೆಂದು ಫ್ಲೋರ್‌ನವರಿಗೆ (ಟೇಬಲ್ಲುಗಳ ಮೇಲ್ವಿಚಾರಕರು) ಹೇಳಿದರೆ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ಸಂಕೋಚ ಬೇಡ.

ಗೆಳೆಯರಿಬ್ಬರು ಒಂದೇ ಟೇಬಲ್ಲಿನಲ್ಲಿ ಕೂತರೆ ನೆನಪಿಡಿ: ಹ್ಯಾಂಡ್ ನಡೆಯುವಾಗ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. "ಊಟಕ್ಕೆ ಹೋಗೋಣ್ವಾ?" ಎಂದರೂ ಡೀಲರ್ ತಡೆಯುತ್ತಾರೆ, ಏಕೆಂದರೆ ನೀವು ಎಲೆ ಹೇಳಿಕೊಂಡಿರೋ ಊಟ ಹೇಳಿಕೊಂಡಿರೋ ಮಿಕ್ಕವರಿಗೆ ಗೊತ್ತಾಗುವುದಿಲ್ಲ. ಆ್ಯಪ್‌ನಲ್ಲಿ ಕಲಿತವರು ಎಡವುವುದು ಚಿಪ್ ಇಡುವಲ್ಲಿ. 3 ಡಾಲರ್ ಕಾಲ್ (ಮುಂದಿನವರ ಬೆಟ್ ಸರಿಗಟ್ಟುವುದು) ಇರುವಾಗ ಬಾಯಿ ಬಿಡದೆ 25ರ ಒಂದು ಚಿಪ್ ಇಟ್ಟರೆ ಅದು ರೇಸ್ ಅಲ್ಲ, ಬರೀ ಕಾಲ್. ರೇಸ್ ಮಾಡುವುದಿದ್ದರೆ ಮೊದಲು "ರೇಸ್" ಎನ್ನಿ, ಆಮೇಲೆ ಕೈ ಚಾಚಿ. ಸ್ವಲ್ಪ ಇಟ್ಟು, ಮತ್ತೆ ಹಿಂದಿನಿಂದ ಸ್ವಲ್ಪ ತಂದರೆ ಎರಡನೆಯದನ್ನು ವಾಪಸ್ ಕೊಡುತ್ತಾರೆ. ನಿಮ್ಮ ಎರಡು ಎಲೆಯ ಮೇಲೆ ಒಂದು ಚಿಪ್ ಇಟ್ಟಿರಿ. ಡೀಲರ್ ಪಕ್ಕದ ಕುರ್ಚಿಗಳಲ್ಲಿ ಅವರು ಕೈತಪ್ಪಿ ಅವನ್ನು ಎಳೆದುಕೊಂಡರೆ ಹ್ಯಾಂಡ್ ಮುಗಿದಂತೆಯೇ. ಗೆದ್ದ ಚಿಪ್ಪನ್ನು ಆಟದ ನಡುವೆ ಜೇಬಿಗೆ ಹಾಕುವಂತಿಲ್ಲ. ಎದ್ದು ಹೋಗುವಾಗಲೇ ತೆಗೆಯಬೇಕು.

ಬೆಳಗಿನ ಸಣ್ಣ ಟೂರ್ನಮೆಂಟ್‌ಗಳೂ ಒಳ್ಳೆಯ ದಾರಿ, ಸೋಲುವುದು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಪ್ರವೇಶದ ಹಣದಲ್ಲಿ ಬಹುಮಾನಕ್ಕೆ ಎಷ್ಟು, ಕ್ಯಾಸಿನೊಗೆ ಎಷ್ಟು, ಬ್ಲೈಂಡ್ ಎಷ್ಟು ನಿಮಿಷಕ್ಕೆ ಏರುತ್ತದೆ ಎಂಬ ಹಾಳೆ ಕೇಳಿ ಪಡೆಯಿರಿ. 15 ನಿಮಿಷಕ್ಕೆ ಏರುವುದಾದರೆ ಎರಡು ಗಂಟೆಯೊಳಗೆ ಅದೃಷ್ಟದ ಆಟವಾಗುತ್ತದೆ. 20–30 ನಿಮಿಷದ್ದನ್ನು ಆರಿಸಿ. ದೊಡ್ಡ ಬಹುಮಾನ ಬಂದರೆ ಅಮೆರಿಕದ ನಿವಾಸಿಗಳಲ್ಲದವರಿಗೆ ಶೇ 30 ತೆರಿಗೆ ಹಿಡಿದೇ ಕೊಡುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದಲ್ಲಿ ಜೂಜಿನ ಗಳಿಕೆಗೆ ವಿನಾಯಿತಿ ಇಲ್ಲ.

ಆಡುವ ಹಣವನ್ನು ನಾಲ್ಕು ಲಕೋಟೆ ಮಾಡಿ, ದಿನಕ್ಕೊಂದು ಮಾತ್ರ ಕೆಳಗೆ ತನ್ನಿ, ಉಳಿದವು ಕೋಣೆಯ ಲಾಕರಿನಲ್ಲಿರಲಿ. ಕ್ಯಾಸಿನೊ ನೆಲದ ಎಟಿಎಂ ಶುಲ್ಕ ದುಬಾರಿ, ಅದಕ್ಕಿಂತ ಹೆಚ್ಚಾಗಿ ಸೋತ ಸಿಟ್ಟಿನಲ್ಲಿ ಕಾಲು ಅತ್ತ ಎಳೆಯುತ್ತದೆ. ಚೆಕ್-ಇನ್ ವೇಳೆ ಠೇವಣಿಯಾಗಿ ಹೋಟೆಲ್ ಹಿಡಿದಿಡುವ ಮೊತ್ತಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ಹಣ ದಿನಗಟ್ಟಲೆ ಸಿಕ್ಕಿಬೀಳಬಹುದು. ಪೋಕರ್ ರೇಟ್ ಪಡೆದಿದ್ದರೆ ಹೊರಡುವ ಹಿಂದಿನ ರಾತ್ರಿಯೇ ಪೋಕರ್ ರೂಮಿನಲ್ಲಿ ನಿಮ್ಮ ಒಟ್ಟು ಗಂಟೆ ಎಷ್ಟು ದಾಖಲಾಗಿದೆ ಎಂದು ಕೇಳಿ. ಕಡಿಮೆಯಿದ್ದರೆ ತುಂಬಿಸಲು ಆಗ ಸಮಯವಿರುತ್ತದೆ, ಸ್ವೈಪ್ ತಪ್ಪಿದ್ದರೆ ಸರಿಪಡಿಸಲು ಅದೇ ಪಾಳಿಯ ಫ್ಲೋರ್‌ನವರು ಅಲ್ಲೇ ಇರುತ್ತಾರೆ.