ಪದಸೂಚಿಯಿಂದ ಶುರುಮಾಡಿ: ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸ ಓದುವವರಿಗೆ ಟಿಪ್ಪಣಿ

ಎಲೆಕ್ಟ್ರಾನಿಕ್ ಸಂಗೀತಕ್ಕೆ ಒಂದೇ ಇತಿಹಾಸ ಇಲ್ಲ. ರೇಡಿಯೊ ಸ್ಟುಡಿಯೋಗಳಲ್ಲಿ ಕೂತು ಟೇಪು ಕತ್ತರಿಸಿ ಅಂಟಿಸಿದವರದ್ದು ಒಂದು, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಅಂದರೆ ಸಿಂಥಸೈಜರ್ ಕಟ್ಟಿದವರದ್ದು ಇನ್ನೊಂದು, ರಾತ್ರಿಯಿಡೀ ಕುಣಿದವರದ್ದು ಮತ್ತೊಂದು. ಒಂದು ಎಳೆಯ ಮೇಲೆ ಬರೆದ ಪುಸ್ತಕ ಉಳಿದೆರಡನ್ನು ನಾಲ್ಕಾರು ಪುಟಗಳಲ್ಲಿ ಮುಗಿಸಿ ಸಮಗ್ರ ಇತಿಹಾಸ ಎಂದು ಹೇಳಿಕೊಳ್ಳುವುದುಂಟು. ಕೈಯಲ್ಲಿರುವುದು ಯಾವ ಎಳೆಯದು ಎಂದು ತಿಳಿಯಲು ಮುನ್ನುಡಿ ಓದಬೇಕಿಲ್ಲ, ಕೊನೆಯ ಪದಸೂಚಿ ಸಾಕು. ಕೊಲೋನ್, ಡೆಟ್ರಾಯಿಟ್, ಅಹಮದಾಬಾದ್ ಎಂಬ ಮೂರು ಊರುಗಳನ್ನು ಹುಡುಕಿ. ಮೊದಲನೆಯದಕ್ಕೆ ಮಾತ್ರ ಪುಟಗಟ್ಟಲೆ ಇದ್ದರೆ ಅದು ಸ್ಟುಡಿಯೋ ಸಂಯೋಜಕರ ಇತಿಹಾಸ. ಎರಡನೆಯದಕ್ಕೇ ಇದ್ದರೆ ಟೆಕ್ನೋ ಎಂಬ ಕುಣಿತದ ಸಂಗೀತದ್ದು. ಮೂರನೆಯದು ಯಾಕೆ ಎಂಬುದು ಮುಂದೆ ಬರುತ್ತದೆ, ಹಳೆಯ ಪುಸ್ತಕಗಳಲ್ಲಿ ಅದು ಸಿಗುವುದೇ ಅಪರೂಪ.

ಪುಸ್ತಕದ ಗುಣಮಟ್ಟ ನೋಡಲು 1948ರ ಪುಟ ತೆಗೆಯಿರಿ. ಆ ವರ್ಷ ಪ್ಯಾರಿಸ್ ರೇಡಿಯೊದಲ್ಲಿ ಪಿಯರ್ ಶೇಫರ್ ರೈಲಿನ ಸದ್ದುಗಳಿಂದ ಒಂದು ಕೃತಿ ಕಟ್ಟಿದರು. ಟೇಪಿನಲ್ಲಿ ಮಾಡಿದ್ದು ಎಂದು ಬರೆದಿದ್ದರೆ ಆ ಲೇಖಕರನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಆಗ ಅವರ ಬಳಿ ಇದ್ದದ್ದು ಡಿಸ್ಕ್ ಕೊರೆಯುವ ಯಂತ್ರ. ಟೇಪ್ ರೆಕಾರ್ಡರ್ ಆ ಸ್ಟುಡಿಯೋಗೆ ಬಂದದ್ದು ಆಮೇಲೆ. ಡಿಸ್ಕಿನ ಮೇಲೆ ಸುರುಳಿಯಾಗಿ ಒಳಗೆ ಸಾಗಬೇಕಾದ ಗೀರನ್ನು ವೃತ್ತವಾಗಿ ಮುಚ್ಚಿಬಿಟ್ಟರೆ ಸೂಜಿ ಅದೇ ಜಾಗದಲ್ಲಿ ಸುತ್ತಿ ಅದೇ ಸದ್ದು ಮತ್ತೆ ಮತ್ತೆ ಬರುತ್ತದೆ. ನಿಮಿಷಕ್ಕೆ 78 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ 60 ಭಾಗಿಸು 78, ಅಂದರೆ ಸುಮಾರು 0.77 ಸೆಕೆಂಡು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೃತಿಯನ್ನು ಕೇಳಿದರೆ ಅದರ ತುಣುಕುಗಳು ಯಾಕೆ ಅಷ್ಟು ಗಿಡ್ಡ ಎಂಬುದು ಕಿವಿಗೇ ತಿಳಿಯುತ್ತದೆ. ಯಂತ್ರದ ಮಿತಿ ಸಂಗೀತದ ಆಕಾರವನ್ನು ಹೇಗೆ ತಿದ್ದಿತು ಎಂದು ಹೇಳದೆ ಬರೀ ಹೆಸರು, ಇಸವಿ ಪೋಣಿಸುವ ಪುಸ್ತಕ ಪರೀಕ್ಷೆಗೆ ಆದೀತು, ಓದಿಗೆ ಆಗದು.

ಎರಡನೇ ಪರೀಕ್ಷೆ ಹೆಸರುಗಳದ್ದು. ಬಿಬಿಸಿಯ 'ಡಾಕ್ಟರ್ ಹೂ' ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ 1963ರದ್ದು. ರಾಗ ಹಾಕಿದವರು ರಾನ್ ಗ್ರೇನರ್. ಅದನ್ನು ಆಸಿಲೇಟರ್ (ಸ್ವರ ಹುಟ್ಟಿಸುವ ವಿದ್ಯುತ್ ಸಾಧನ) ಮತ್ತು ಟೇಪಿನ ತುಣುಕುಗಳಿಂದ ಸದ್ದಾಗಿಸಿದವರು ಡೆಲಿಯಾ ಡರ್ಬಿಷೈರ್. ಆಗ ತೆರೆಯ ಮೇಲೆ ಆಕೆಯ ಹೆಸರು ಬರಲಿಲ್ಲ. ಪುಸ್ತಕದಲ್ಲೂ ಬರದಿದ್ದರೆ ಪಕ್ಕದಲ್ಲಿ ತಾರಾ ರಾಜರ್ಸ್ ಅವರ 'ಪಿಂಕ್ ನಾಯ್ಸಸ್' ಇಟ್ಟುಕೊಳ್ಳಿ. ಅದು ಮಹಿಳಾ ಕಲಾವಿದರ ಸಂದರ್ಶನಗಳ ಸಂಗ್ರಹ, 2010ರದ್ದು.

ವಾದ್ಯದ ಎಳೆಗೆ ಪಿಂಚ್ ಮತ್ತು ಟ್ರೊಕೊ ಬರೆದ 'ಅನಲಾಗ್ ಡೇಸ್' ಒಂದೇ ಸಾಕು. ಮೂಗ್ ಸಿಂಥಸೈಜರ್ ಹೇಗೆ ಹುಟ್ಟಿತು, ಯಾರು ಕೊಂಡರು, ಕೀಬೋರ್ಡ್ ಬೇಕೋ ಬೇಡವೋ ಎಂಬ ಜಗಳವೇನು, ಎಲ್ಲ ಇದೆ. ಕುಣಿತದ ಎಳೆಗೆ ಸೈಮನ್ ರೆನಾಲ್ಡ್ಸ್ ಅವರ 'ಎನರ್ಜಿ ಫ್ಲಾಶ್'. ಇಲ್ಲೊಂದು ಎಚ್ಚರಿಕೆ: ಇದೇ ಪುಸ್ತಕ ಅಮೆರಿಕದಲ್ಲಿ 'ಜನರೇಷನ್ ಎಕ್ಸ್ಟಸಿ' ಎಂಬ ಹೆಸರಲ್ಲಿ ಬಂದಿದೆ. ಎರಡು ಬೇರೆ ಪುಸ್ತಕ ಅಂದುಕೊಂಡು ಎರಡಕ್ಕೂ ದುಡ್ಡು ಕೊಡಬೇಡಿ.

ಭಾರತದ ಅಧ್ಯಾಯಕ್ಕೆ ಎರಡು ಹೆಸರು ಬೇಕೇ ಬೇಕು. ಒಂದು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಹೂಡಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಕೆಲಸ ಮಾಡಿದರು. ಆ ಟೇಪುಗಳನ್ನು ಹುಡುಕಿ ತೆಗೆದ ಪಾಲ್ ಪರ್ಗಾಸ್ ಅವುಗಳ ಬಗ್ಗೆ ಒಂದು ಪ್ರಬಂಧ ಸಂಕಲನವನ್ನೂ ಸಂಪಾದಿಸಿದ್ದಾರೆ. ಇನ್ನೊಂದು, ಮುಂಬೈನ ಸಂಗೀತಗಾರ ಚರಣ್‌ಜೀತ್ ಸಿಂಗ್. 1982ರಲ್ಲಿ ರೋಲ್ಯಾಂಡ್ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಎಲೆಕ್ಟ್ರಾನಿಕ್ ವಾದ್ಯಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಶಿಕಾಗೋದ ಫ್ಯೂಚರ್ ತಂಡದ 'ಆ್ಯಸಿಡ್ ಟ್ರ್ಯಾಕ್ಸ್' ಬಂದದ್ದು 1987ರಲ್ಲಿ. ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಅದರಿಂದ ಶುರುವಾಯಿತು ಎನ್ನುತ್ತಾರೆ. ಇಷ್ಟು ಹಿಡಿದುಕೊಂಡು ಆ್ಯಸಿಡ್ ಹೌಸ್ ಕಂಡುಹಿಡಿದವರು ಭಾರತೀಯರು ಎಂದು ಬರೆಯುವವರಿಗೆ ಬರವಿಲ್ಲ. ಮೊದಲು ಮಾಡಿದ್ದು ಬೇರೆ, ಪ್ರಭಾವ ಬೀರಿದ್ದು ಬೇರೆ. ಸಿಂಗ್ ಅವರ ರೆಕಾರ್ಡು ಆಗ ಹೆಚ್ಚು ಜನಕ್ಕೆ ಮುಟ್ಟಲಿಲ್ಲ. 2010ರ ಮರುಬಿಡುಗಡೆಯ ನಂತರವೇ ಜಗತ್ತು ಮಾತಾಡಿತು. ಎರಡೂ ಕಡೆ ಟಿಬಿ-303 ಎಂಬ ಒಂದೇ ಪೆಟ್ಟಿಗೆ, ಅದರ ಫಿಲ್ಟರ್ ಗುಂಡಿ ತಿರುಗಿಸಿದರೆ ಬರುವುದೂ ಅದೇ ಕೀರಲು ಸದ್ದು. ಹೋಲಿಕೆಗೆ ಅಷ್ಟು ಕಾರಣ ಸಾಕು.

ಕಾರವಾರದವರಿಗೆ ಮಾಜಾಳಿ ದಾಟಿದರೆ ಗೋವಾ. ಹೀಗಾಗಿ ಅಲ್ಲಿನ ಕಡಲತೀರದ ಪಾರ್ಟಿಗಳ ಸಂಗೀತವಾದ ಗೋವಾ ಟ್ರಾನ್ಸ್ ಮೇಲಿನ ಓದು ನಮಗೆ ಹೆಚ್ಚು ರುಚಿಸೀತು. ಅರುಣ್ ಸಲ್ದಾನ್ಹಾ ಅವರ 'ಸೈಕೆಡೆಲಿಕ್ ವೈಟ್' ಮತ್ತು ಆಂಥನಿ ಡಿ'ಆಂಡ್ರಿಯಾ ಅವರ 'ಗ್ಲೋಬಲ್ ನೋಮಾಡ್ಸ್', ಎರಡೂ 2007ರವು. ಮೊದಲನೆಯದು ಅಂಜುನಾದ ಪಾರ್ಟಿಗಳಲ್ಲಿ ಬಿಳಿಯರು ಹೇಗೆ ಒಟ್ಟಾಗುತ್ತಾರೆ, ಇಲ್ಲಿಯವರು ಹೇಗೆ ಅಂಚಿಗೆ ಸರಿಯುತ್ತಾರೆ ಎಂದು ನೋಡುತ್ತದೆ. ಚಾಪೆ ಹಾಸಿ ಚಾ ಮಾರುವ ಹೆಂಗಸರೂ ಅದರಲ್ಲಿದ್ದಾರೆ. ಭಾಷೆ ಗಡಸು, ಸಿದ್ಧಾಂತದ ಭಾಗಗಳನ್ನು ಮೊದಲ ಓದಿನಲ್ಲಿ ಹಾರಿಸಿದರೂ ನಷ್ಟವಿಲ್ಲ.

ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಹುಡುಕಿದರೆ ಬರುವುದು ಗಣೇಶೋತ್ಸವಕ್ಕೆ ಡಿಜೆ ನಿಷೇಧದ ಸುದ್ದಿಯೇ ಹೆಚ್ಚು. 'ಡಾನ್ಸ್‌ಕಲ್ಟ್' ಎಂಬ ಪತ್ರಿಕೆ ಪೂರ್ತಿ ಉಚಿತ, ಅಂತರ್ಜಾಲದಲ್ಲೇ ಇದೆ. ಪುಸ್ತಕ ಕೊಳ್ಳುವ ಮೊದಲು ಅದರಲ್ಲಿ ಆ ಪುಸ್ತಕದ ವಿಮರ್ಶೆ ಇದೆಯೇ ನೋಡಿ. ಕೇಂಬ್ರಿಡ್ಜ್‌ನ 'ಆರ್ಗನೈಸ್ಡ್ ಸೌಂಡ್' ಪತ್ರಿಕೆ ದುಡ್ಡಿನದು. ಸರ್ಕಾರಿ ಕಾಲೇಜಿನಲ್ಲಿದ್ದರೆ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಕೇಂಬ್ರಿಡ್ಜ್ ಪತ್ರಿಕೆಗಳಿವೆ, ಲಾಗಿನ್ ಬಗ್ಗೆ ಗ್ರಂಥಪಾಲಕರನ್ನು ಕೇಳಿ. ಕಾಲೇಜು ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯವಾಗಿದ್ದರೆ ಬೇರೆ ಊರಿನ ಗ್ರಂಥಾಲಯದಿಂದಲೂ ಪುಸ್ತಕ ತರಿಸಬಹುದು. ಕೇಳುವಾಗ ಬರೀ ಹೆಸರು ಹೇಳಿದರೆ ಹಳೇ ಆವೃತ್ತಿ ಬರಬಹುದು. ಪುಸ್ತಕದ ಗುರುತಿನ ಸಂಖ್ಯೆಯಾದ 13 ಅಂಕಿಯ ಐಎಸ್‌ಬಿಎನ್ ಬರೆದುಕೊಡಿ. ಥಾಮ್ ಹೋಮ್ಸ್ ಅವರ ಪಠ್ಯಪುಸ್ತಕ 1985ರಿಂದ ಹಲವು ಬಾರಿ ತಿದ್ದಿ ಬಂದಿದೆ, ಅಲ್ಲಿ ಇದು ಮುಖ್ಯ. ಶಿರಸಿ ಕಡೆಯವರು ಪಿಡಿಎಫ್‌ಗಳನ್ನು ಮಳೆಗಾಲಕ್ಕೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಆಷಾಢದಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬಿ ಕೂರುವುದು ಬೇಡ. ಕಾಗದದ ಪುಸ್ತಕಕ್ಕೆ ಬೂಸಲು ಹಿಡಿಯುವುದೂ ಆಗಲೇ.

ಟಿಪ್ಪಣಿ ಬರೆಯುವಾಗ ಪ್ರತಿ ಕೃತಿಗೆ ಮೂರು ಇಸವಿ ಬೇರೆ ಬೇರೆ ಇಡಿ: ಮಾಡಿದ್ದು, ಬಿಡುಗಡೆಯಾದದ್ದು, ಮರುಬಿಡುಗಡೆಯಾದದ್ದು. ಅಹಮದಾಬಾದಿನ ಟೇಪುಗಳು 1969ರಿಂದ 1972ರವು, ಆಲ್ಬಮ್ ಆಗಿ ಬಂದದ್ದು 2023ರಲ್ಲಿ. ಮಧ್ಯದ ಐದು ದಶಕದಲ್ಲಿ ಯಾರೋ ಅದನ್ನು ಕೇಳಿ ಕಲಿತರು ಎಂದು ಲೇಖನವೊಂದು ಹೇಳಿದರೆ, ಎಲ್ಲಿ ಕೇಳಿದರು ಎಂದು ಅದರ ಅಡಿಟಿಪ್ಪಣಿಯಲ್ಲಿ ಹುಡುಕಿ.