ಎರಡು ದ್ರಾಕ್ಮದ ತೆರಿಗೆ: ಯೆಹೂದಿ ಯಾರು, ಕ್ರೈಸ್ತ ಯಾರು?

ಕ್ರೈಸ್ತರು ಯೆಹೂದಿಗಳಿಂದ ಬೇರೆಯಾದದ್ದು ಯಾವಾಗ ಎಂದರೆ ಎಲ್ಲರೂ ಯೇಸುವಿನತ್ತ, ಪೌಲನತ್ತ ಕೈ ತೋರಿಸುತ್ತಾರೆ. ರೋಮಿನ ತೆರಿಗೆ ಲೆಕ್ಕದತ್ತ ನೋಡುವವರು ಕಡಿಮೆ.

20 ವರ್ಷ ತುಂಬಿದ ಗಂಡಸು ಅರ್ಧ ಶೆಕೆಲ್ (ಬೆಳ್ಳಿಯ ಹಣ) ಕೊಡಬೇಕೆಂಬ ಮಾತು ಬೈಬಲ್ಲಿನ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿದೆ. ಮೊದಲ ಶತಮಾನದ ಹೊತ್ತಿಗೆ ಅದು ಯೆರೂಸಲೇಮ್ ದೇವಾಲಯದ ವಾರ್ಷಿಕ ವಂತಿಗೆ; ನಿತ್ಯಬಲಿಯ ಖರ್ಚು ನಡೆಯುತ್ತಿದ್ದುದು ಅದರಿಂದಲೇ. ಆದರೆ ಕೈಗೆ ಸಿಕ್ಕ ನಾಣ್ಯ ನಡೆಯುತ್ತಿರಲಿಲ್ಲ, ತೂರ್ ಪಟ್ಟಣದ ಬೆಳ್ಳಿಯೇ ಆಗಬೇಕು. ಪೂರ್ಣ ಶೆಕೆಲ್ ಸುಮಾರು 14 ಗ್ರಾಂ, ಬೆಳ್ಳಿ ಶೇ 90ಕ್ಕೂ ಮೇಲೆ. ಒಂದು ಮಗ್ಗುಲಲ್ಲಿ ಮೆಲ್ಕಾರ್ಟ್ ದೇವರ ತಲೆ, ಇನ್ನೊಂದರಲ್ಲಿ ಹದ್ದು. ವಿಗ್ರಹವೆಂದರೆ ಸಿಡಿಮಿಡಿಗೊಳ್ಳುವವರೂ ಬೆಳ್ಳಿ ಚೊಕ್ಕವಾಗಿದ್ದರೆ ಇದನ್ನು ಸಹಿಸಿಕೊಂಡರು! ಯೆಹೂದಿ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಹೇಳುವಂತೆ ಯೆಹೂದಿ ಪಂಚಾಂಗದ ಅದಾರ್ ತಿಂಗಳ 1ಕ್ಕೆ ಸಾರುವುದು, 15ಕ್ಕೆ ಊರುಗಳಲ್ಲಿ, 25ಕ್ಕೆ ದೇವಾಲಯದಲ್ಲಿ ಚಿನಿವಾರರು ಮೇಜು ಹಾಕುವುದು. ಅದಲುಬದಲಿಗೆ ವಟ್ಟ ಬೇರೆ.

ಹೊರನಾಡಿನ ಯೆಹೂದಿಗಳೂ ಕಳಿಸುತ್ತಿದ್ದುದರಿಂದ ಈ ಹಣ ರೋಮನ್ ಅಧಿಕಾರಿಗಳ ಕಣ್ಣಿಗೆ ಬೀಳದೆ ಇರಲಿಲ್ಲ. ಕ್ರಿ.ಪೂ. 62ರಲ್ಲಿ ಏಷ್ಯಾ ಪ್ರಾಂತ್ಯದ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಅಧಿಪತಿ ಫ್ಲಾಕಸ್ ಅಪಾಮಿಯಾ ಪಟ್ಟಣ ಒಂದರಲ್ಲೇ ಹತ್ತಿರಹತ್ತಿರ 100 ರೋಮನ್ ಪೌಂಡ್ ಚಿನ್ನ ಹಿಡಿದಿಟ್ಟ. ಕ್ರಿ.ಶ. 66ರಲ್ಲಿ ಯೂದಾಯದ ರೋಮನ್ ಅಧಿಕಾರಿ ಫ್ಲೋರಸ್ ದೇವಾಲಯದ ಬೊಕ್ಕಸದಿಂದಲೇ 17 ತಲಾಂತು (ಹಣದ ದೊಡ್ಡ ತೂಕ) ಎತ್ತಿದ. ದಂಗೆ ಎದ್ದಿತು, ಚಕ್ರವರ್ತಿಯ ಹೆಸರಿನ ಬಲಿ ನಿಂತಿತು. 70ರಲ್ಲಿ ದೇವಾಲಯ ಸುಟ್ಟುಹೋಯಿತು.

ದೇವಾಲಯ ಹೋದರೂ ವಸೂಲಿ ಹೋಗಲಿಲ್ಲ. ಪ್ರತಿ ಯೆಹೂದಿಯೂ ವರ್ಷಕ್ಕೆ ಎರಡು ದ್ರಾಕ್ಮವನ್ನು, ಅಂದರೆ ಆ ಅರ್ಧ ಶೆಕೆಲ್‌ಗೆ ಸಮನಾದ ಗ್ರೀಕ್ ಬೆಳ್ಳಿ ಹಣವನ್ನು, ರೋಮಿನ ಕ್ಯಾಪಿಟೋಲ್ ಗುಡಿಯ ಜುಪಿಟರ್ ದೇವರಿಗೆ ಕಟ್ಟಬೇಕೆಂದು ಚಕ್ರವರ್ತಿ ವೆಸ್ಪೇಸಿಯನ್ ವಿಧಿಸಿದ. ಹಿಂದೆ ಗಂಡಸರಿಗಷ್ಟೇ ಇದ್ದದ್ದು ಈಗ ಹೆಂಗಸರಿಗೂ, ಈಜಿಪ್ಟಿನ ದಾಖಲೆಗಳ ಪ್ರಕಾರ ಮೂರು ವರ್ಷದ ಮಕ್ಕಳಿಗೂ ಬಂತು. ಅಲ್ಲಿನ ಎಡ್ಫು ಪಟ್ಟಣದಲ್ಲಿ ಮಡಕೆ ಚೂರುಗಳ ಮೇಲೆ ಬರೆದುಕೊಟ್ಟ ರಸೀದಿಗಳು ಸಿಕ್ಕಿವೆ. ಐದಾರು ಮಂದಿಯ ಬಡ ಮನೆಗೆ ಇದು ಸಣ್ಣ ಹೊರೆಯಲ್ಲ.

ತೊಡಕು ಶುರುವಾದದ್ದು 'ಯೆಹೂದಿ ಎಂದರೆ ಯಾರು' ಎಂಬಲ್ಲಿ. ಚಕ್ರವರ್ತಿ ಡೊಮಿಷಿಯನ್ (81–96) ಕಾಲದಲ್ಲಿ ವಸೂಲಿ ಕಟುವಾಯಿತು. ಹೆಸರು ಬರೆಸದೆ ಯೆಹೂದಿ ರೀತಿಯಲ್ಲಿ ಬಾಳುವವರು, ಹುಟ್ಟನ್ನು ಮುಚ್ಚಿಟ್ಟು ತೆರಿಗೆ ತಪ್ಪಿಸಿಕೊಂಡವರು, ಇಬ್ಬರ ಮೇಲೂ ಬಲೆ ಬಿತ್ತು. ತುಂಬಿದ ಸಭೆಯಲ್ಲಿ 90 ವರ್ಷದ ಮುದುಕನಿಗೆ ಸುನ್ನತಿ ಆಗಿದೆಯೇ ಎಂದು ಅಧಿಕಾರಿ ಪರೀಕ್ಷಿಸಿದ್ದನ್ನು ರೋಮನ್ ಇತಿಹಾಸಕಾರ ಸ್ಯೂಟೋನಿಯಸ್ ಹುಡುಗನಾಗಿದ್ದಾಗ ಕಂಡು, ಮುಂದೆ ಬರೆದಿಟ್ಟಿದ್ದಾನೆ. ಅನ್ಯಜನರಿಂದ ಬಂದ ಕ್ರೈಸ್ತರು ಮೊದಲ ಗುಂಪಿನಲ್ಲೂ, ಯೆಹೂದಿ ಮನೆಯಲ್ಲಿ ಹುಟ್ಟಿದ ಕ್ರೈಸ್ತರು ಎರಡನೆಯದರಲ್ಲೂ ಸಿಕ್ಕಿಬಿದ್ದಿರಬೇಕೆಂದು ಕೆಲ ಇತಿಹಾಸಕಾರರ ಊಹೆ. ನನಗೂ ಅದು ಸರಿಯೆನಿಸುತ್ತದೆ.

96ರಲ್ಲಿ ಪಟ್ಟಕ್ಕೆ ಬಂದ ನೆರ್ವಾ ಈ ಕಿರುಕುಳ ನಿಲ್ಲಿಸಿ, ಖರ್ಜೂರದ ಮರದ ನಾಣ್ಯ ಹೊಡೆಸಿ ಅದನ್ನು ಸಾರಿದ. ತೆರಿಗೆ ಮಾತ್ರ ಉಳಿಯಿತು. ಹಿರಿಯರ ಆಚಾರ ನಡೆಸುವವರು ಕಟ್ಟುವುದು ಎಂದಾಗ ಪ್ರತಿಯೊಬ್ಬನೂ ತಾನು ಯಾರೆಂದು ಹೇಳಲೇಬೇಕಾಯಿತು. ಕಟ್ಟಿದವನು ರೋಮನ್ ದೇವರಿಗೆ ಬಲಿ ಕೊಡದಿದ್ದರೂ ನಡೆಯುತ್ತಿತ್ತು. ಕಟ್ಟದೆ, ಬಲಿಯನ್ನೂ ಕೊಡದವನಿಗೆ ಆಸರೆ ಇರಲಿಲ್ಲ. ಸುಮಾರು 112ರಲ್ಲಿ ಪ್ರಾಂತ್ಯಾಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ ಕ್ರೈಸ್ತರು ಬೇರೆಯದೇ ಗುಂಪು. ಯೆಹೂದಿಗಳ ಸುದ್ದಿಯೇ ಅದರಲ್ಲಿಲ್ಲ. ಆ ಎರಡು ದ್ರಾಕ್ಮವನ್ನು ಯೆಹೂದಿಗಳು ಮೂರನೇ ಶತಮಾನದಲ್ಲೂ, ಕ್ರೈಸ್ತ ಪಂಡಿತ ಒರಿಗೆನ್‌ನ ಕಾಲಕ್ಕೂ, ಕಟ್ಟುತ್ತಲೇ ಇದ್ದರು.